ಬುತ್ತಿ ಕಟ್ಟಿಕೊಂಡು ಇಂಕಾ ನಾಡಿಗೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಇಪ್ಪತ್ತೆಂಟು ಜನರ ಮನೆಮನೆಗೂ ಫೋನ್ ಮಾಡಿ, "ಊಟ ಅಲ್ಲೇ ಇದೆ, ಆದ್ರೂ ಸೇಫ್ಟಿಗೆ ಒಂಚೂರು ಬುತ್ತಿ ಕಟ್ಕೊಂಡು ಬಂದ್ಬಿಡಿ" ಎಂದವಳು ನಾನು. ಆಮೇಲೆ ಯಾರ ಮೇಲೂ ಗೂಬೆ ಕೂರಿಸುವ ಹಾಗಿರಲಿಲ್ಲ.

ರಿಸೆಷನ್ ಎಂಬ ಪದ ನಮ್ಮ ಮನೆಗಳಲ್ಲಿ ಉಪ್ಪು ಸಕ್ಕರೆಯಷ್ಟೇ ಸಾಮಾನ್ಯವಾಗಿದ್ದ ಬೇಸಿಗೆ ಅದು. ಆ ವರ್ಷ ನಮ್ಮ ಕಡೆಯವರು ಯಾರೂ ಊರಿಗೆ ಹೋಗಲಿಲ್ಲ. ನಮ್ಮ ಬಡಾವಣೆಯಲ್ಲಿ ಜನ ಬಿಟ್ಟುಹೋದ, ಹುಲ್ಲು ಕತ್ತರಿಸದ ಮನೆಗಳು ಒಂದೊಂದಾಗಿ ಹೆಚ್ಚುತ್ತಿದ್ದವು. ನನ್ನ ಗಂಡನಿಗೆ ಕೆಲಸ ಇನ್ನೂ ಇತ್ತು, ಆದರೆ ಕಂಪನಿಯವರು ಜನರನ್ನು ತೆಗೆಯುತ್ತಿದ್ದ ಪ್ರತಿ ಶುಕ್ರವಾರ ಬೆಳಗ್ಗೆ ಅವರ ಮುಖ ಸಣ್ಣದಾಗುತ್ತಿತ್ತು. ನನಗೆ ಆ ಭಯವೂ ಉಳಿದಿರಲಿಲ್ಲ. ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನ ಒಂದು ವೇರ್‌ಹೌಸಿನಲ್ಲಿ ಯಾವ ಲಾರಿ ಎಲ್ಲಿಗೆ ಎಂದು ನೋಡಿಕೊಳ್ಳುವ ಮೇಜಿನಲ್ಲಿ ಐದು ವರ್ಷ ಕೂತಿದ್ದವಳನ್ನು ಮಾರ್ಚ್ ತಿಂಗಳಲ್ಲೇ ಮನೆಗೆ ಕಳಿಸಿದ್ದರು.

ಅದೇ ದಿನ, ಅದೇ ಕೋಣೆಯಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಕಾಗದ ತೆಗೆದುಕೊಂಡವಳು ನನ್ನ ಗೆಳತಿ. ಪೆರು ದೇಶದವಳು, ಆಂಡೀಸ್ ಬೆಟ್ಟದ ಮೇಲಿನ ಹಳ್ಳಿಯವಳು, ಪ್ಯಾಕಿಂಗ್ ಲೈನಿನಲ್ಲಿದ್ದಳು. ಮಧ್ಯಾಹ್ನದ ಊಟದ ಮೇಜೇ ನಮ್ಮಿಬ್ಬರನ್ನು ಗಂಟು ಹಾಕಿದ್ದು. ನನ್ನ ಚಪಾತಿ ಅವಳಿಗೆ, ಅವಳ ಬೇಯಿಸಿದ ಆಲೂಗಡ್ಡೆ, ಹಸಿಮೆಣಸಿನಕಾಯಿ ಚಟ್ನಿ ನನಗೆ. ಇಬ್ಬರದೂ ಮುರುಕು ಇಂಗ್ಲಿಷ್, ಇಬ್ಬರಿಗೂ ಮೂಗಿನ ತುದಿಯಲ್ಲಿ ಕೋಪ. ದಿನಕ್ಕೊಂದು ಜಗಳ ಆಡದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

ಕೆಲಸ ಹೋದ ಮೇಲೆ ಅವಳೊಂದು ಉಪಾಯ ಹೂಡಿದಳು. ಪ್ಲೇನ್‌ಫೀಲ್ಡ್‌ನ ಹೊರಗೆ ಒಬ್ಬ ವಯಸ್ಸಾದ ಬಿಳಿಯ ರೈತನ ಹೊಲದ ಮೂಲೆಯಲ್ಲಿ ಅವಳ ಕಸಿನ್ ಎರಡು ಲಾಮಾ, ಅವರ ಬೆಟ್ಟದ ಉದ್ದ ಕತ್ತಿನ ಉಣ್ಣೆಯ ಪ್ರಾಣಿ, ಸಾಕಿದ್ದ. ಆ ಮೂಲೆಗೆ ಜನರನ್ನು ಒಂದು ದಿನದ ಟೂರ್ ಕರೆತರುವುದು. ಬೆಳಗ್ಗೆ ಶಿಕಾಗೋದ ಮ್ಯೂಸಿಯಮ್ಮಿನಲ್ಲಿ ಅವಳ ನಾಡನ್ನು ಹಿಂದೆ ಆಳಿದ ಇಂಕಾ ಜನರ ವಸ್ತುಗಳು, ಮಧ್ಯಾಹ್ನ ಹೊಲದಲ್ಲಿ ಅವಳ ಹಳ್ಳಿಯ ಬದುಕು, ಉಳುವುದು, ನೂಲುವುದು, ನೆಲದೊಳಗೆ ಬೇಯಿಸಿದ ಊಟ. ಗೈಡ್ ಅವಳೇ. ಹೊಲದ ಯಜಮಾನ, "ಒಂದು ಶನಿವಾರ ಮಾಡಿ ತೋರಿಸು. ಜನ ಖುಷಿಯಾಗಿ ಉಂಡು ಹೋದರೆ ಅಕ್ಟೋಬರಿನ ಕುಂಬಳಕಾಯಿ ಕಾಲದವರೆಗೂ ಎಲ್ಲಾ ಶನಿವಾರ ನಿನ್ನವು. ಇಲ್ಲಾಂದ್ರೆ ಬೇಡ" ಎಂದಿದ್ದ. ಬೇಡ ಎಂದರೆ ತಿಂಗಳ ಕೊನೆಗೆ ಅವಳು ನ್ಯೂಜೆರ್ಸಿಯ ಅಕ್ಕನ ಮನೆಗೆ ಹೊರಡುವುದೇ. ಸೂಟ್‌ಕೇಸ್ ಆಗಲೇ ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು.

ಅವಳು ಹೋದರೆ ಈ ಊರಿನಲ್ಲಿ ನಾನು ಯಾರ ಜೊತೆ ಜಗಳ ಆಡಲಿ? "ಬಸ್ ತುಂಬಿಸೋದು ನನ್ನ ಕೆಲಸ, ನೀನು ಸುಮ್ಮನಿರು" ಎಂದುಬಿಟ್ಟೆ.

ನಮ್ಮವರು ಯಾರೂ ಇಂಕಾ ಎಂದರೆ ಏನು ಎಂದು ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. "ಊಟಕ್ಕೇನು? ನಾನ್‌ವೆಜ್ ಅಲ್ಲ ತಾನೇ?" ಗ್ಲೆಂಡೇಲ್ ಹೈಟ್ಸ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ದಾವಣಗೆರೆಯ ಮುಸ್ಲಿಂ ದಂಪತಿಗಳೂ ಅದನ್ನೇ ಇನ್ನೊಂದು ರೀತಿಯಲ್ಲಿ ಕೇಳಿದರು, "ಹಲಾಲ್ ಇರಲ್ವಲ್ಲ ಅಕ್ಕಾ, ನಾವೇನು ತಿನ್ನೋದು?" ನಿಮಗೆಲ್ಲ ಬೇರೆಯೇ ಅಡುಗೆ ಮಾಡುತ್ತಾಳೆ ಎಂದು ಹೇಳಿದೆ. ಗೆಳತಿ ನನಗೆ ಹಾಗೇ ಮಾತು ಕೊಟ್ಟಿದ್ದಳು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ, ಬುತ್ತಿಯ ಮಾತನ್ನೂ ಸೇರಿಸಿದೆ. ಒಂಚೂರು ಎಂದರೆ ನಮ್ಮವರಿಗೆ ಎಷ್ಟು ಎಂಬುದು ನನಗೆ ಗೊತ್ತಿರಬೇಕಿತ್ತು.

ಜೂನ್ ತಿಂಗಳ ಮೊದಲ ಶನಿವಾರ ಬಸ್ಸು ಹೊರಟಿತು. ಗೆಳತಿ ಎರಡು ಜಡೆ ಹಾಕಿ, ಕೆಂಪು ಲಂಗ ಉಟ್ಟು, ತಲೆಗೊಂದು ಟೋಪಿ ಇಟ್ಟುಕೊಂಡು ಬಂದಿದ್ದಳು. ವೇರ್‌ಹೌಸಿನ ಹಳದಿ ಜಾಕೆಟ್ಟಿನಲ್ಲೇ ಅವಳನ್ನು ನೋಡಿದ್ದ ನನಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಎಷ್ಟು ಚೆಂದ ಕಾಣುತ್ತಿದ್ದಳು ಎಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಮ್ಯೂಸಿಯಮ್ಮಿನಲ್ಲಿ ಅವಳು ರಾಣಿಯ ಹಾಗೆ ನಡೆದಳು. ಗಾಜಿನೊಳಗೆ ಹಳೆಯ ದಾರಗಳ ಒಂದು ಕುಚ್ಚು ಇತ್ತು, ಉದ್ದಕ್ಕೂ ಗಂಟುಗಳು. ಇಂಕಾ ಜನ ಲೆಕ್ಕಪತ್ರವನ್ನೆಲ್ಲ ಹೀಗೆ ಗಂಟಿನಲ್ಲಿ ಇಡುತ್ತಿದ್ದರಂತೆ. ಒಬ್ಬ ಪುಟ್ಟ ಹುಡುಗಿ, "ಲೈಕ್ ಎ ಹಾರ್ಡ್ ಡ್ರೈವ್?" ಎಂದಳು. ನನಗೆ ನೆನಪಾದದ್ದು ನಮ್ಮಜ್ಜಿ. ಮರೆಯಬಾರದ್ದಕ್ಕೆಲ್ಲ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸಂಜೆ ಆ ಗಂಟು ಯಾಕೆ ಹಾಕಿದ್ದು ಎಂದು ನಮ್ಮನ್ನೇ ಕೇಳುತ್ತಿದ್ದರು. ಇನ್ನೊಂದು ಗಾಜಿನೊಳಗೆ ಕಾಲಿನಿಂದ ಒತ್ತಿ ನೆಲ ಅಗೆಯುವ ಮರದ ನೇಗಿಲಿತ್ತು. ಗೆಳತಿ ಅದನ್ನು ನೋಡಿ ಮೂಗು ಮುರಿದಳು. "ನಮ್ಮಪ್ಪನ ಹತ್ತಿರ ಇದಕ್ಕಿಂತ ಒಳ್ಳೇದಿತ್ತು. ಇಲ್ಲಿ ಯಾರೋ ಹಿಡಿಯನ್ನು ತಲೆಕೆಳಗು ಕಟ್ಟಿದ್ದಾರೆ." ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯೋ ಹೆಮ್ಮೆ, ಆ ನೇಗಿಲು ಕಡೆದವಳು ನಾನೇ ಎಂಬಷ್ಟು.

ಆ ಹೆಮ್ಮೆ ಹೈವೇ ಹತ್ತುವವರೆಗೆ ಮಾತ್ರ. ಹಿಂದಿನ ಸೀಟಿನಲ್ಲಿ ಒಂದು ಡಬ್ಬಿ ಟಕ್ ಎಂದಿತು, ಹುಣಸೆಗೊಜ್ಜಿನ ವಾಸನೆ ಬಂತು. ಒಂದು ಡಬ್ಬಿ ತೆರೆದ ಮೇಲೆ ಉಳಿದವು ಸುಮ್ಮನಿರುತ್ತವೆಯೇ? ಪುಳಿಯೋಗರೆ, ಚಪಾತಿ ಪಲ್ಯ, ದಾವಣಗೆರೆಯವರ ಮಂಡಕ್ಕಿ, ಮೊಸರನ್ನ. "ನೀವು ಸ್ವಲ್ಪ ಹಾಕ್ಕೊಳಿ ಆಂಟಿ", "ಅಯ್ಯೋ ಸಾಕು ಸಾಕು", "ಇದೊಂದು ತುತ್ತು." ಹನ್ನೆರಡು ಗಂಟೆಗೆ ಇಡೀ ಬಸ್ಸಿಗೆ ಬಸ್ಸೇ ತೇಗುತ್ತಿತ್ತು. ಮುಂದೆ ಮೈಕ್ ಹಿಡಿದು ನಿಂತಿದ್ದ ಗೆಳತಿ ಎಲ್ಲವನ್ನೂ ನೋಡಿದಳು. ನಾನು ಕಿಟಕಿಯ ಹೊರಗೆ ಜೋಳದ ಹೊಲವನ್ನು ಮೊದಲ ಸಲ ಕಂಡವಳ ಹಾಗೆ ನೋಡುತ್ತಾ ಕೂತೆ.

ಹೊಲಕ್ಕೆ ಬಂದು ಇಳಿದಾಗ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಂಬತ್ತೈದು ಡಿಗ್ರಿ ಬಿಸಿಲು. ಕೊಟ್ಟಿಗೆಯ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಯಜಮಾನ ಕೂತಿದ್ದ, ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರಿನಂತೆ. ಸ್ವಲ್ಪ ದೂರದಲ್ಲಿ ಎರಡು ಮಣ್ಣಿನ ದಿಬ್ಬಗಳಿದ್ದವು. ಗುಂಡಿಯಲ್ಲಿ ಕಾದ ಕಲ್ಲುಗಳನ್ನಿಟ್ಟು, ಅದರ ಮೇಲೆ ಆಹಾರ, ಸೊಪ್ಪು, ಒದ್ದೆ ಬಟ್ಟೆ ಹಾಸಿ, ಮಣ್ಣು ಮುಚ್ಚಿ ಬೇಯಲು ಬಿಡುವುದು. ಭೂಮಿಯೇ ಪಾತ್ರೆ. ಅವಳ ಕಸಿನ್ ಆಗಲೇ ಮುಚ್ಚಿಟ್ಟಿದ್ದ, ಒಂದು ಗಂಟೆಗೆ ತೆರೆಯಬೇಕಿತ್ತು. ಗೆಳತಿ ನನ್ನನ್ನು ಎರಡನೆಯ ದಿಬ್ಬದ ಹತ್ತಿರ ಎಳೆದುಕೊಂಡು ಹೋದಳು.

"ಆಚೆಯದು ಮಾಂಸದ್ದು, ನಮ್ಮ ಮನೆಯವರಿಗೆ, ಯಜಮಾನನಿಗೆ. ಇದು ನಿನ್ನ ಜನರಿಗೆ. ಮಾಂಸ ಮುಟ್ಟಿದ ಕಲ್ಲು ಒಂದೂ ಇಲ್ಲ. ಹೊಳೆಯ ದಂಡೆಯಿಂದ ಹೊಸ ಕಲ್ಲು ಆರಿಸಿ ತಂದೆ, ಮೂರು ದಿನ ಆಯ್ತು. ಆಲೂಗಡ್ಡೆಯೇ ನಾಲ್ಕು ಥರ ಹಾಕಿದ್ದೀನಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು, ಆದರೆ ಅದರ ಬಾಯೊಳಗೆ ಆಗಲೇ ನಮ್ಮ ಊಟವಿತ್ತು. ಅವಳು ಮಂಡಿಯೂರಿ ದಿಬ್ಬದ ಮೇಲೆ ಅಂಗೈ ಒತ್ತಿ ಕಣ್ಣು ಮುಚ್ಚಿದಳು. ಸ್ವಲ್ಪ ಬಿಟ್ಟು ಇನ್ನೊಂದು ಕಡೆ ಒತ್ತಿದಳು. ಭೂತಾಯಿಗೆ ನಮಸ್ಕಾರ ಎಂದುಕೊಂಡು ನಾನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಈಗ ಮಾಡುವುದೇನು? ಹೊಟ್ಟೆ ತುಂಬಿದ ಇಪ್ಪತ್ತೆಂಟು ಜನ. ಶಿಷ್ಟಾಚಾರಕ್ಕೆ ತಲಾ ಅರ್ಧ ಆಲೂಗಡ್ಡೆ ಕಚ್ಚಿ ತಟ್ಟೆ ಕೆಳಗಿಡುತ್ತಾರೆ, ಯಜಮಾನ ನೋಡುತ್ತಾನೆ, ಅಲ್ಲಿಗೆ ನ್ಯೂಜೆರ್ಸಿ. ಹಸಿವು ಬರಿಸಬೇಕು, ಬೇರೆ ದಾರಿಯೇ ಇಲ್ಲ.

ಕಾರ್ಯಕ್ರಮದಲ್ಲಿ ಕಾಲುನೇಗಿಲು ತೋರಿಸಲು ಹತ್ತು ನಿಮಿಷವಿತ್ತು. ಕಸಿನ್ ಅಂಥ ಮೂರು ಜೊತೆ ನೇಗಿಲು ಮಾಡಿಟ್ಟಿದ್ದ. ಇಬ್ಬರು ಅಕ್ಕಪಕ್ಕ ನಿಂತು ಕಾಲಿನಿಂದ ಒತ್ತಿ ಹೆಂಟೆ ಎಬ್ಬಿಸಬೇಕು, ಮೂರನೆಯವರು ಎದುರಿಗೆ ಕೂತು ಅದನ್ನು ಕೈಯಿಂದ ಮಗುಚಬೇಕು. ಗೆಳತಿ ಒಂದು ಸಾಲು ಮಾಡಿ ತೋರಿಸಿದಳು. "ನಮ್ಮೂರಲ್ಲಿ ಒಬ್ಬರೇ ಉಳೋದಿಲ್ಲ. ಇವತ್ತು ಎಲ್ಲರೂ ನನ್ನ ಹೊಲಕ್ಕೆ ಬಂದರೆ, ನಾಳೆ ನಾನು ಅವರ ಹೊಲಕ್ಕೆ ಹೋಗಬೇಕು."

ಅದನ್ನು ಕೇಳಿ ನಮ್ಮೊಂದಿಗಿದ್ದ ವಿಜಯಪುರದ ಆಂಟಿ ಎದ್ದು ನಿಂತರು. ಮೂವತ್ತು ವರ್ಷ ಮಕ್ಕಳ ಡಾಕ್ಟರಾಗಿ ರಿಟೈರ್ ಆದವರು. "ಏ ತಂಗಿ, ಇದು ನಮ್ಮ ಮುಯ್ಯಾಳಲ್ಲೇನ! ನಮ್ಮಪ್ಪನ ಹೊಲಕ್ಕ ಹಿಂಗ ಬರತಿದ್ರು ನೋಡವಾ" ಎಂದು ಸೆರಗು ಸಿಕ್ಕಿಸಿ ಹೆಂಟೆ ಮಗುಚಲು ಕೂತೇಬಿಟ್ಟರು.

ನನಗೆ ಅಷ್ಟು ಸಾಕಾಯಿತು. "ಕಾಂಪಿಟಿಷನ್!" ಎಂದು ಕೂಗಿದೆ. "ಬೋಲಿಂಗ್‌ಬ್ರೂಕ್, ಪ್ಲೇನ್‌ಫೀಲ್ಡ್, ಗ್ಲೆಂಡೇಲ್ ಹೈಟ್ಸ್. ಸೋತ ಟೀಮು ವಾಪಸ್ ಹೋಗ್ತಾ ಬಸ್ಸಲ್ಲಿ ಹಾಡ್ಬೇಕು!" ನಮ್ಮವರಿಗೆ ಉಳು ಎಂದರೆ ಉಳುವುದಿಲ್ಲ, ಪಕ್ಕದ ಊರಿನವರು ಚೆನ್ನಾಗಿ ಉಳುತ್ತಾರೆ ಎಂದರೆ ಬಿಡುವುದಿಲ್ಲ. ಸಾಫ್ಟ್‌ವೇರಿನವರು, ಅರಿವಳಿಕೆ ಡಾಕ್ಟರು, ಅಂಗಡಿಯವರು ಎಲ್ಲರೂ ಬೂಟು ಬಿಚ್ಚಿ ಇಳಿದರು. "ಏನ್ರೀ ಸಾರ್, ನೇಗ್ಲು ನೀವು ಹಿಡಿದಿದೀರೋ, ಅದು ನಿಮ್ಮನ್ನ ಹಿಡಿದಿದೆಯೋ?" ಎಂದು ದಾವಣಗೆರೆಯವರು ನನ್ನ ಗಂಡನನ್ನು ಕೆಣಕಿದರು. ಶುಕ್ರವಾರದ ಸಣ್ಣ ಮುಖದ ಮನುಷ್ಯ ಅಂದು ಮಣ್ಣು ಮೆತ್ತಿದ ಪ್ಯಾಂಟಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ! ನನಗೆ ಅಳುವೇ ಬಂತು.

ಒಂದು ಗಂಟೆಯಾಯಿತು, ಒಂದೂವರೆಯಾಯಿತು. ನಾನು ಗೆಳತಿಯ ಕಡೆ ಹೆದರಿಕೊಂಡೇ ನೋಡಿದೆ. ಊಟಕ್ಕೆ ತಡವಾಯಿತೆಂದು ಈಗ ಉಗಿಯುತ್ತಾಳೆ ಎಂದುಕೊಂಡರೆ, ಅವಳು ದಿಬ್ಬಕ್ಕೆ ಹೋಗಿ ಮತ್ತೆ ಅಂಗೈ ಒತ್ತಿ ನಮಸ್ಕಾರ ಮಾಡಿ ಬಂದು, "ಇನ್ನೆರಡು ಸಾಲು!" ಎಂದು ಕೂಗಿದಳು. ಇನ್ನೆರಡು ಮುಗಿದ ಮೇಲೆ ಆಲೂಗಡ್ಡೆ ಬೀಜ ಹಾಕಿಸಿದಳು. ಅದಾದ ಮೇಲೆ ಮಣ್ಣು ಮುಚ್ಚಿಸಿದಳು. ಇವಳಿಗೇನು ಬಂತು ಎಂದು ನನಗೇ ಅನುಮಾನ. ಎರಡೂವರೆಗೆ ಮಕ್ಕಳು, "ವೆನ್ ಡೂ ವಿ ಈಟ್?" ಎಂದು ರಾಗ ಎಳೆದರು. ಅರಿವಳಿಕೆ ಡಾಕ್ಟರು ಬಸ್ಸಿಗೆ ಹೋಗಿ ಖಾಲಿ ಡಬ್ಬಿಗಳನ್ನು ಕೆರೆದು ಬಂದರು. ಎರಡು ಮುಷ್ಟಿ ಪುಳಿಯೋಗರೆ ಬಿಟ್ಟರೆ ಏನೂ ಉಳಿದಿರಲಿಲ್ಲ. ನನ್ನ ಹೊಟ್ಟೆಯೂ ಚುರುಗುಟ್ಟುತ್ತಿತ್ತು.

ಆಗ ಗೆಳತಿ ಸಲಿಕೆ ತೆಗೆದುಕೊಂಡಳು. ಮಣ್ಣು ಸರಿಸಿ ಬಟ್ಟೆ ಎತ್ತಿದ್ದೇ ತಡ, ಹಬೆ ಎದ್ದಿತು. ಸೊಪ್ಪು, ಮಣ್ಣು, ಎಳೆ ಜೋಳ, ಎಲ್ಲ ಸೇರಿದ ಪರಿಮಳ. ಅವಳು ಒಂದು ಆಲೂಗಡ್ಡೆಯನ್ನು ಮುರಿದು ಒಳಗೆ ನೋಡಿದಳು, ಉಸಿರು ಬಿಟ್ಟಳು. ಮೊದಲ ತುಂಡನ್ನು ನೆಲಕ್ಕಿಟ್ಟು ಅದರ ಮೇಲೆ ಸ್ವಲ್ಪ ಪಾನಕ ಸುರಿದಳು. ಭೂಮಿ ಉಂಡ ಮೇಲೆ ನಾವು ಎಂದಳು.

ವಿಜಯಪುರದ ಆಂಟಿ ಚಪ್ಪಲಿ ಬಿಟ್ಟು, ಡಾಕ್ಟರ ಕೈಯಿಂದ ಪುಳಿಯೋಗರೆ ಡಬ್ಬಿ ಕಸಿದುಕೊಂಡು, ಉತ್ತ ಸಾಲಿನಗುಂಟ ನಡೆಯುತ್ತಾ ಆ ಎರಡು ಮುಷ್ಟಿಯನ್ನೂ ಹೊಲಕ್ಕೆ ಎರಚಿದರು. "ಎಳ್ಳ ಅಮಾಸಿಗೆ ನಾವು ಚರಗ ಚೆಲ್ಲತೀವಿ. ನಲವತ್ತು ವರ್ಷ ಆಗಿತ್ತು" ಎಂದರು. ಗೆಳತಿ ಹೋಗಿ ಅವರನ್ನು ತಬ್ಬಿಕೊಂಡಳು. ಅವಳಿಗೆ ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಆಮೇಲಿನದು ಊಟವಲ್ಲ, ದಾಳಿ. ಯಾರ ಚೀಲದಿಂದಲೋ ಶೇಂಗಾ ಚಟ್ನಿಪುಡಿ ಹೊರಬಂತು. ಬಿಸಿ ಆಲೂಗಡ್ಡೆ, ಅವಳ ಹಸಿಮೆಣಸಿನ ಚಟ್ನಿ, ಮೇಲೆ ನಮ್ಮ ಪುಡಿ. ಬೆರಳು ಸುಟ್ಟುಕೊಂಡು ತಿಂದರು. ದಾವಣಗೆರೆಯ ತಂಗಿ ಗುಂಡಿಯೊಳಗೆ ಬಗ್ಗಿ, "ಇನ್ನೂ ಇದಾವಾ ಅಕ್ಕಾ?" ಎಂದಳು. ಒಂದೂ ಇರಲಿಲ್ಲ.

ನಾನು ಗೆಳತಿಯನ್ನು ಲಾಮಾಗಳ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ಕಕ್ಕಿಬಿಟ್ಟೆ. ಬುತ್ತಿ ನಾನೇ ತರಿಸಿದ್ದು, ನಿನ್ನ ಅಡುಗೆಯನ್ನು ನಂಬಲಿಲ್ಲ, ಹಸಿವು ಬರಲಿ ಎಂದೇ ಹೊಲ ಉಳುಮೆ ಮಾಡಿಸಿದ್ದು, ತಪ್ಪಾಯಿತು ಎಂದೆ. ಬೈಯುತ್ತಾಳೆ ಎಂದು ಕಾದರೆ ಅವಳು ಬೇಲಿ ಹಿಡಿದುಕೊಂಡು ನಗತೊಡಗಿದಳು.

"ಊರಲ್ಲಿ ಗುಂಡಿ ಮುಚ್ಚೋದು ನಮ್ಮಪ್ಪನ ಕೆಲಸ. ನಾನೂ ಕಸಿನ್ನೂ ಸೊಪ್ಪು ತಂದುಕೊಡ್ತಿದ್ವಿ, ಅಷ್ಟೇ. ನಿಮ್ಮ ಗುಂಡಿಯ ಕಲ್ಲುಗಳು ಸರಿಯಾಗಿ ಕಾದಿರಲಿಲ್ಲ. ಬಂದ ತಕ್ಷಣ ಮಣ್ಣು ಮುಟ್ಟಿ ನೋಡಿದೆ, ತಣ್ಣಗಿತ್ತು. ಒಂದು ಗಂಟೆಗೆ ತೆಗೆದಿದ್ದರೆ ಎಲ್ಲಾ ಹಸಿ. ನೀವು ಬಸ್ಸಲ್ಲಿ ಉಂಡಿದ್ದೇ ನನ್ನ ಪುಣ್ಯ ಅಂದ್ಕೊಂಡೆ."

ಹಾಗಾದರೆ ಅವಳು ನಮಸ್ಕಾರ ಮಾಡುತ್ತಿರಲಿಲ್ಲ, ಬಿಸಿ ನೋಡುತ್ತಿದ್ದಳು. ನಾನು ತಣ್ಣನೆಯ ಒಲೆಗೆ ಕೈಮುಗಿದು ಬಂದಿದ್ದೆ. ಇಬ್ಬರೂ ಬೇಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಂದು ಲಾಮಾ ಬೇಸರದಿಂದ ಉಗುಳಿ ಆಚೆ ಹೋಯಿತು.

ಯಜಮಾನ ಕುರ್ಚಿ ಮಡಚಿಕೊಂಡು ಬಂದ. ನಮ್ಮಿಬ್ಬರ ನಗು ನಿಂತುಹೋಯಿತು. ಅವನು ಖಾಲಿ ಗುಂಡಿಗಳನ್ನು ನೋಡಿದ, ತಟ್ಟೆ ನೆಕ್ಕುತ್ತಿದ್ದ ಡಾಕ್ಟರನ್ನು ನೋಡಿದ, ಆಮೇಲೆ ಹನ್ನೊಂದು ನೇರ ಸಾಲುಗಳನ್ನು ಬಹಳ ಹೊತ್ತು ನೋಡಿದ.

"ಮುಂದಿನ ಶನಿವಾರ ಇದೇ ಜನ ಬರ್ತಾರಾ?" ಎಂದ. "ಕೊಟ್ಟಿಗೆ ಹಿಂದೆ ಇನ್ನೂ ಜಾಗ ಇದೆ."

ಗೆಳತಿ ನನ್ನ ಕೈ ಹಿಡಿದುಕೊಂಡಳು. ಎಷ್ಟು ಜೋರಾಗಿ ಎಂದರೆ ಬಳೆ ಒಡೆಯಿತು. ಭಾನುವಾರ ಬೆಳಗ್ಗೆ ಅವಳ ಮನೆಗೆ ಹೋಗಿ ಆ ಸೂಟ್‌ಕೇಸನ್ನು ನಾನೇ ಮಂಚದ ಕೆಳಗೆ ತಳ್ಳಿ ಬಂದೆ. ಮಧ್ಯಾಹ್ನ ಕಾಫಿ ಕುಡಿದು ಫೋನ್ ಹಿಡಿದು ಕೂತೆ. ಮೊದಲ ಕರೆ ವಿಜಯಪುರದ ಆಂಟಿಗೆ.

"ಬರುವ ಶನಿವಾರ ಬುತ್ತಿ ತರಬೇಡಿ ಆಂಟಿ. ಚಟ್ನಿಪುಡಿ ಒಂದಿದ್ರೆ ಸಾಕು."