ಇಂಗ್ಲಿಷಿನ ‘ರೀ’

ಇಂಗ್ಲಿಷಿನ್ಯಾಗ ದೊಡ್ಡಕ್ಷರ ಯಾಕದಾವ ಅಂತ ನನಗ ಯಾರೂ ನೆಟ್ಟಗ ಹೇಳಿದ್ದಿಲ್ಲ. ಹಿಂಗಾಗಿ ನಾನೇ ಒಂದು ಅರ್ಥ ಹಚ್ಚಿಕೊಂಡಿದ್ದೆ: ಅದು ಇಂಗ್ಲಿಷಿನ ‘ರೀ’. ನಮ್ಮ ಶಹಾಪುರದಾಗ ಹಿರೇರಿಗೆ ಬರ್ರಿ, ಕೂಡ್ರಿ ಅಂತೀವಲ್ಲ, ಹಂಗ ಅವರು ದೊಡ್ಡಕ್ಷರ ಹಾಕಿ ಮರ್ಯಾದಿ ಕೊಡ್ತಾರ ಅಂತ. ತಪ್ಪೇನಿತ್ತು ಹೇಳ್ರಿ? ದೇವರಿಗೆ ದೊಡ್ಡಕ್ಷರ, ರಾಜಗ ದೊಡ್ಡಕ್ಷರ, ಊರಿಗೂ ದೊಡ್ಡಕ್ಷರ. ಪುಸ್ತಕದಾಗ ‘ನಾನು’ ಅನ್ನೋ ಐ ಸೈತ ದೊಡ್ಡದಿತ್ತು ಖರೆ. ಬರದಾವ ಯಾವನೋ ಸಾಹೇಬ, ಅವಗ ಒಪ್ಪತದ ಅಂದ್ಕೊಂಡು ಸುಮ್ಮನಿದ್ದೆ.

ಆಗ ನಿಜಾಮರ ರಾಜ್ಯ. ಸಾಲ್ಯಾಗ ಪಾಠ ಉರ್ದುದಾಗ, ಮನ್ಯಾಗ ಮಾತು ಕನ್ನಡ. ಎರಡರಾಗೂ ಅಕ್ಷರಕ್ಕ ದೊಡ್ಡದು ಸಣ್ಣದು ಅನ್ನೂದಿಲ್ಲ. ವಾಕ್ಯದ ಕೊನೀಗೆ ಚುಕ್ಕಿ ಇಡಾಕಂತೂ ನಾ ಅಂಜತಿದ್ದೆ. ಉರ್ದುದಾಗ ವಾಕ್ಯ ಮುಗದ್ರ ಸಣ್ಣ ಗೀಟು ಎಳೀತಾರ. ಚುಕ್ಕಿ ಅಂದ್ರ ನುಕ್ತಾ, ಒಂದು ಹೆಚ್ಚಾದ್ರ ಅಕ್ಷರಾನೇ ಬ್ಯಾರೆ ಆಗಿಬಿಡ್ತದ. ಅದಕ್ಕ ನಾ ಇಂಗ್ಲಿಷಿಗೂ ಗೀಟೇ ಎಳೀತಿದ್ದೆ. ನಮ್ಮ ಉಸ್ತಾನಿ, ಇಂಗ್ಲಿಷ್ ಕಲಿಸೋ ಬಾಯಿಯವರು, ಕಿವಿ ಹಿಂಡಿ ಹಿಂಡಿ ಆ ಚಟ ಬಿಡಿಸಿದರು. ನನ್ನ ‘ರೀ’ ಮಾತ್ರ ಅವರಿಗೂ ಗೊತ್ತಾಗಲಿಲ್ಲ, ಯಾಕಂದ್ರ ನಾವು ಪುಸ್ತಕ ನೋಡಿ ಬರೀತಿದ್ವಿ, ಸ್ವಂತದ್ದು ಏನೂ ಬರೀತಿದ್ದಿಲ್ಲ.

ಅಪ್ಪ ತೀರಿಕೊಂಡ ಮ್ಯಾಲ ಮನ್ಯಾಗ ಕಾಕಾನ ಮಾತೇ ಮಾತು. “ಪಾಸಾದ್ರ ಯಾದಗಿರಿ ದೊಡ್ಡ ಸಾಲಿ. ಇಲ್ಲಾಂದ್ರ ಸುರಪುರದ ಕಡಿ ವರ ನೋಡೇನಿ, ಲಗ್ನ” ಅಂದಿದ್ದ. ಪರೀಕ್ಷಾ ಮಾಡಾಕ ಯಾದಗಿರಿಯಿಂದ ಸಾಹೇಬರೊಬ್ಬರು ಬಂದ ದಿನ ಕಾಕಾನೂ ಬಂದು, ರುಮಾಲು ತೊಡಿ ಮ್ಯಾಲ ಇಟ್ಕೊಂಡು ಬಾಗಲ ಹತ್ರ ಕೂತಿದ್ದ.

ನಿಮ್ಮ ಮನಿ ಬಗ್ಗೆ ಇಂಗ್ಲಿಷಿನ್ಯಾಗ ಬರೀರಿ ಅಂದ್ರು ಸಾಹೇಬರು. ಬರದೆ. ಅಪ್ಪ, ಅವ್ವ, ಕಾಕಾ ಎಲ್ಲಾರಿಗೂ ದೊಡ್ಡಕ್ಷರ. ನಮ್ಮ ಎಮ್ಮಿಗೂ ದೊಡ್ಡಕ್ಷರ, ಅವ್ವ ಅದಕ್ಕ ಕೈಮುಗದೇ ಹಾಲು ಹಿಂಡಾಕ ಕೂಡತಿದ್ದಳು. ನನ್ನ ಹೆಸರಷ್ಟೇ ಸಣ್ಣದು, ಐ ಸಣ್ಣದು.

ಸಾಹೇಬರು ಓದಿ ಹುಬ್ಬು ಗಂಟಿಕ್ಕಿದರು. “ಎಮ್ಮಿ ದೊಡ್ಡದು, ನೀ ಸಣ್ಣಾಕಿ ಏನು? ತನ್ನ ಹೆಸರೇ ಬರಿಯಾಕ ಬರದಾಕಿ ಯಾದಗಿರಿಗೆ ಬಂದು ಏನ್ ಮಾಡ್ತಾಳ?”

“ದೊಡ್ಡಕ್ಷರ ಹಾಕಿ ನನಗ ನಾನೇ ರೀ ಅನಕೊಂಡ್ರ ಮಂದಿ ನಗೂದಿಲ್ಲೇನ್ರಿ?” ಅಂದೆ.

ಉಸ್ತಾನಿಗೆ ತಡಿಯಾಕ ಆಗಲಿಲ್ಲ. “ಸಾಹೇಬರ, ಹುಡುಗಿಗೆ ಸೊಕ್ಕಿಲ್ಲ ಅಂತ ಫೇಲ್ ಮಾಡ್ತೀರೇನ್ರಿ?”

ಸಾಹೇಬರು ನಕ್ಕುಬಿಟ್ಟರು. ಹಾಳಿ ನನ್ನ ಕಡಿ ದೂಡಿ, ಐ ದೊಡ್ಡದು ಮಾಡಿ ಒಂದೇ ವಾಕ್ಯ ಬರಿ, ಪಾಸ್ ಮಾಡ್ತೀನಿ ಅಂದ್ರು. ಒಂದೇ ವಾಕ್ಯ! ಆದ್ರ ಕಾಕಾ ಕೂತಾನಲ್ಲ. ಅವನ ಮುಂದ ನಾ ಅಂತ ದೊಡ್ಡದಾಗಿ ಬರಿಯೂದು ಹ್ಯಾಂಗ? ಈ ಹುಡುಗಿಗೆ ಕೋಡು ಮೂಡ್ಯಾವ ಅಂತ ಮೊದಲೇ ಅಂತಿದ್ದ. ಆದ್ರೂ ಬರದೆ, ಕೊನೀಗೆ ಚುಕ್ಕಿನೂ ಇಟ್ಟೆ.

ಕಾಕಾ ಎದ್ದು ಬಂದು ಬಗ್ಗಿ ನೋಡಿದ. ಅವಗ ಇಂಗ್ಲಿಷ್ ಬರತಿದ್ದಿಲ್ಲ.

“ಮೊದಲಿಗೆ ಕೋಲಿನಂಗ ನಿಂತದಲ್ಲ, ಏನದು?”

“ಅದು ನಾನ್ರಿ, ಕಾಕಾ.”

“ಮುಂದಿಂದು?”

“ಓದಬೇಕು ಅಂತ ಅದ್ರಿ.”

ಕಾಕಾ ಆ ಹಾಳಿ ಬಿಟ್ಟು ನನ್ನ ಮಾರಿ ನೋಡಿದ. ಹಿಂದ ಎಂದೂ ಹಂಗ ನೋಡಿದ್ದಿಲ್ಲ. ಆಮ್ಯಾಲ ಸಾಹೇಬರ ಕಡಿ ತಿರುಗಿ, “ಯಾವತ್ತ ಕಳಸಬೇಕ್ರಿ ಈಕೀನ?” ಅಂದ. ನಾ ಉಸ್ತಾನಿ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ಬೋರಾಡಿ ಅತ್ತೆ.