ನೀರು ಬೆರೆಸದ ಹಳದಿ

ರಾಯಚೂರು ಕಡೆಯ ಮರಗಮ್ಮ ಮರಾಠಿ ಸೀಮೆಯ ಘಣಸೋಲಿಗೆ ಬಂದು ಹದಿನೆಂಟು ವರ್ಷದಿಂದ ಮನೆಗಳಿಗೆ ಬಣ್ಣ ಬಳಿಯುತ್ತಿರುವವಳು. ಬ್ರಶ್ಶನ್ನು ಕಣ್ಣಿಗೊತ್ತಿಕೊಳ್ಳದೆ ಅವಳು ಒಂದು ದಿನವೂ ಡಬ್ಬಿ ತೆರೆದವಳಲ್ಲ. ಅಂಥವಳನ್ನು ವರ್ತಕ ನಗರದ ಮನೆಯೊಡತಿ ಪ್ರಫುಲ್ಲಾ ಕಳ್ಳಿ ಎಂದುಬಿಟ್ಟಳು, ಅದೂ ಪಕ್ಕದ ಮನೆಯ ರಮಿತಾಳ ಎದುರಿಗೆ.

ಪ್ರಫುಲ್ಲಾಳಿಗೆ ಹಾಲ್ ತುಂಬ ಚೆಂಡುಹೂವಿನ ಹಳದಿ ಬೇಕಿತ್ತು. "ಗೋಡಿ ನೀಲಿ ಐತ್ರಿ ಬಾಯಿ. ಮೊದಲ ಬಿಳಿ ಹೊಡೀಬೇಕು, ಇಲ್ಲಾಂದ್ರ ಹಳದಿ ಏಳಂಗಿಲ್ಲ," ಎಂದು ಮರಗಮ್ಮ ಮೊದಲೇ ಹೇಳಿದ್ದಳು.

"ಬಿಳಿ ಎಲ್ಲ ಬೇಡ ಮಾರಾಯ್ತಿ, ನಾಡಿದ್ದು ಪೂಜೆ ಉಂಟು," ಎಂದು ಪ್ರಫುಲ್ಲಾ ತಳ್ಳಿಹಾಕಿದ್ದಳು. ಎರಡು ಕೋಟ್ ಹೊಡೆದರೂ ಗೋಡೆ ಪಾಚಿ ಕಟ್ಟಿದಂತೆ ಕಂಡಾಗ ಅವಳೇ ಕೂಗಿದಳು: "ಎಂಥದಿದು? ನೀರು ಬೆರೆಸಿ ಪೇಂಟ್ ಕದ್ದದ್ದಾ?"

ಬಣ್ಣ ನೋಡಲು ಬಂದಿದ್ದ ರಮಿತಾ ಮೂಗು ಮುರಿದು ಹೊರಟುಹೋದಳು. ಮರಗಮ್ಮ ತನ್ನ ಚೀಲದಲ್ಲಿ ಉಳಿದಿದ್ದ ಬಿಳಿ ಬಣ್ಣವನ್ನು ಗೋಡೆಯ ಮೇಲೆ ಅಂಗೈಯಗಲ ಬಳಿದು, ಅದು ಒಣಗುವ ತನಕ ಕುಳಿತಳು. ಬಳಿಕ ಅದರ ಮೇಲೆ ಅದೇ ಡಬ್ಬಿಯ ಹಳದಿ ಎಳೆದಳು. ಅಷ್ಟು ಜಾಗ ಮಾತ್ರ ಝಗ್ಗನೆ ಬೆಳಗಿತು.

"ಡಬ್ಬಿನೂ ಅದೇ, ಕೈನೂ ಅದೇ. ಕಣ್ಣಿದ್ರ ನೋಡ್ರಿ!"

ಪ್ರಫುಲ್ಲಾಳ ದನಿ ಇಳಿಯಿತು. "ಆಯ್ತು, ನಂದೇ ತಪ್ಪು. ಇಡೀ ಗೋಡೆಗೆ ಹಾಗೇ ಹೊಡಿ."

"ಹೊಡೀತೀನಿ. ಮೊದಲ ಆ ಬಾಜೂ ಮನಿ ಬಾಯೀನ ಕರೀರಿ. ಕಳ್ಳಿ ಅಂದದ್ದು ಅಕೀ ಮುಂದ. ಅಲ್ಲ ಅನ್ನೂದೂ ಅಕೀ ಮುಂದನ ಆಗ್ಲಿ."

ಮರಗಮ್ಮ ಬ್ರಶ್ ಮುಟ್ಟಲಿಲ್ಲ. ಕೊನೆಗೆ ಪ್ರಫುಲ್ಲಾ ಹೋಗಿ ರಮಿತಾಳ ಮನೆಯ ಬೆಲ್ ಒತ್ತಿದಳು.