ಹದಿನಾರು ಕಂಬಳಿಗಳ ಅಳತೆ

ಗುತ್ತೆಪ್ಪಣ್ಣನ ವಿಷಯ ಬರೆಯಲೇಬೇಕು. ಜೈಲಿನಲ್ಲಿರುವವರೂ ಕಾಲು ಚಾಚಿ ಮಲಗಬೇಕು ಎಂದು ಹೇಳಿದವನು ಅವನೊಬ್ಬನೇ.

೧೯೭೮ರಲ್ಲಿ ಹೊಲದ ಬದುವಿನ ಜಗಳಕ್ಕೆ ನಾನು ಒಂದೂವರೆ ತಿಂಗಳು ತಾಲೂಕಿನ ಜೈಲಿನಲ್ಲಿದ್ದೆ. ನನ್ನೂರು ದುಂಡಸಿ. ಜೈಲು ಬ್ರಿಟಿಷರ ಕಾಲದ್ದು. ಹತ್ತು ಮಂದಿಗೆಂದು ಕಟ್ಟಿದ ಒಂದೇ ಕೋಣೆ, ಒಳಗೆ ನಾವು ಇಪ್ಪತ್ತಾರು. ಅರ್ಧ ಮಂದಿ ಮಲಗಿದರೆ ಉಳಿದವರು ಗೋಡೆಗೆ ಒರಗಿ ಕೂರಬೇಕು. ಪಾಳಿ ಬದಲಿಸುವವನು ವಾರ್ಡರ್ ಗುತ್ತೆಪ್ಪಣ್ಣ. ಕೂತಲ್ಲೇ ತೂಕಡಿಸುವ ಮುದುಕರನ್ನು ನೋಡಿ ಅವನಿಗೆ ಸಂಕಟವಾಗುತ್ತಿತ್ತು.

ಆ ಬೇಸಿಗೆಯಲ್ಲಿ ಜೈಲು ದೊಡ್ಡದು ಮಾಡಲು ಮಂಜೂರಾತಿ ಬಂತು. ಇಂಜಿನಿಯರ್ ಮಧ್ವೇಶರಾಯರು ಬಂದು ಅಳತೆ ಮಾಡಿ ನಕ್ಷೆ ಬರೆದರು. ಪಡಸಾಲೆಗೆ ಗೋಡೆ ಕಟ್ಟಿ ಇನ್ನೊಂದು ಕೋಣೆ, ಅದರಲ್ಲಿ ಹದಿನಾರು ಮಂದಿ.

"ಹದಿನಾರು ಮಂದಿ ಹಿಡಿಯಂಗಿಲ್ರಿ ಸಾಹೇಬ್ರ," ಎಂದ ಗುತ್ತೆಪ್ಪಣ್ಣ.

"ಲೆಕ್ಕಾ ಹಾಕೀನಪಾ. ನೀ ಎಷ್ಟನೇತ್ತಾ ಕಲ್ತೀದಿ?"

"ಮೂರನೇತ್ತಾರೀ."

ರಾಯರು ನಕ್ಕು, ಜೈಲರ ಜೊತೆ ಚಹಾ ಕುಡಿಯಲು ಹೋದರು. ಚಹಾ ಮುಗಿಸಿ ನಕ್ಷೆಗೆ ಸಹಿ ಹಾಕುವವರಿದ್ದರು. ಹಾಕಿದರೆ ಮುಗಿಯಿತು, ಗೋಡೆ ಹಾಗೇ ಏಳುತ್ತದೆ.

ಟೇಪಿನ ಇನ್ನೊಂದು ತುದಿ ಹಿಡಿದಿದ್ದವನು ಗುತ್ತೆಪ್ಪಣ್ಣನೇ. ಅಳತೆ ನೆನಪಿತ್ತು. ಸುಣ್ಣದ ಪುಡಿ ತಂದು ಅಂಗಳದಲ್ಲಿ ಗೆರೆ ಹಾಕಿದ. ನಕ್ಷೆಯಂತೆ ಒಳಗೆ ತೆರೆಯುವ ಬಾಗಿಲು ತಿನ್ನುವ ಜಾಗ, ನೀರಿನ ಕೊಡ, ಬಕೀಟು, ಎಲ್ಲಕ್ಕೂ ಗೆರೆ. ಆಮೇಲೆ ಬೀಗ ತೆಗೆದು ನಮ್ಮಲ್ಲಿ ಹದಿನಾರು ಮಂದಿಯನ್ನು ಕರೆದ.

"ಕಂಬಳಿ ತಗೊಂಡ್ ಬರ್ರಿ. ಹಾಸಿ ಮಲಗ್ರಿ."

ಹನ್ನೊಂದನೆಯ ಕಂಬಳಿಗೆ ಜಾಗ ಮುಗಿಯಿತು. ಐವರು ಕಂಬಳಿ ಹೊತ್ತು ನಿಂತೇ ಇದ್ದರು.

"ಇವ್ರನ್ನ ಗ್ವಾಡಿಗೆ ಮೊಳಿ ಹೊಡದು ತೂಗ ಹಾಕ್ರಿ," ಎಂದ ಸವಣೂರಿನ ಹಯಾತ. ಎಲ್ಲರೂ ನಕ್ಕರು.

ನಗು ಕೇಳಿ ಜೈಲರು ಓಡಿ ಬಂದರು, ಹಿಂದೆ ರಾಯರು.

"ಯಾರ್ನ ಕೇಳಿ ಬೀಗಾ ತಗದ್ಯೋ? ನೌಕರಿ ಬ್ಯಾಡಾಗೇತೇನ್ ನಿನಗ?" ಎಂದು ಜೈಲರು ಒದರಿದರು.

"ಬೇಕ್ರಿ. ಮನ್ಯಾಗ ಆರು ಮಂದಿ ಉಣ್ಣಾವ್ರದಾರ್ರಿ," ಎಂದ ಗುತ್ತೆಪ್ಪಣ್ಣ. ಆದರೆ ಗೆರೆ ಅಳಿಸಲಿಲ್ಲ.

ರಾಯರು ಗೆರೆಯೊಳಗೆ ಬಂದರು. ಬೂಟು ಬಿಚ್ಚಿ ನನ್ನ ಮತ್ತು ಹಯಾತನ ನಡುವೆ ಮಲಗಲು ಹೋದರು. ಆಗಲಿಲ್ಲ.

"ಕುಂತ್ಕೊಳ್ರಿ ರಾಯರ, ನಿಮ್ಮ ಪಾಳಿ ಇನ್ನಾ ಬಂದಿಲ್ರಿ," ಎಂದ ಹಯಾತ.

ರಾಯರು ಎದ್ದು ಧೂಳು ಜಾಡಿಸಿಕೊಂಡರು. "ಗುತ್ತೆಪ್ಪಾ, ಟೇಪ್ ಹಿಡಿ," ಎಂದರು. ನಕ್ಷೆಯಲ್ಲಿ ಗೋಡೆ ಎಂಟು ಅಡಿ ಅಂಗಳಕ್ಕೆ ಸರಿಯಿತು.

ಕೇಳದೆ ಬೀಗ ತೆಗೆದದ್ದಕ್ಕೆ ಗುತ್ತೆಪ್ಪಣ್ಣನನ್ನು ಹಿರೇಕೆರೂರಿಗೆ ವರ್ಗ ಮಾಡಿದರು. ಕೋಣೆ ಕಟ್ಟಿದ್ದು ಅವನು ಹೋದ ಮೇಲೆ. ಅವನು ಅದನ್ನು ನೋಡಲಿಲ್ಲ.

ನಾನು ನೋಡಿದೆ. ಬಿಡುಗಡೆಯಾದ ಮೇಲೆ ಒಂದು ಮಧ್ಯಾಹ್ನ, ಇನ್ನೂ ಒಳಗಿದ್ದ ಹಯಾತನ ಭೇಟಿಗೆ ಹೋದಾಗ ಹೊಸ ಕೋಣೆಯಲ್ಲಿ ಹದಿನಾರು ಮಂದಿಯೂ ಕಾಲು ಚಾಚಿ ಮಲಗಿದ್ದರು. ಹಿರೇಕೆರೂರಿನ ಬಸ್ಸು ಹತ್ತಿ ಹೋಗಿ ಗುತ್ತೆಪ್ಪಣ್ಣನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ.

"ಬಾಗಲಾ ಹೊರಗ ತೆರೀತೈತೇನ?"

"ಹೊರಗ ತೆರೀತೈತಿ ಅಣ್ಣಾ."

ಈಗ ಅವನು ಪೆನ್ಶನ್ ಆಗಿ ಅಕ್ಕಿಆಲೂರಿನಲ್ಲಿದ್ದಾನೆ. ಅಕ್ಕಿ ಗಿರಣಿಯ ಹಿಂದಿನ ಓಣಿ, ಮೂರನೇ ಮನೆ. ಸಂತೆಗೆ ಹೋದವರು ಕಂಡು ಬನ್ನಿ. ಮನೆ ಮುಂದಿನ ಕಟ್ಟೆ ಸಣ್ಣದು. ನೀವು ಹೋದರೆ ಸರಿದು ಜಾಗ ಕೊಡುತ್ತಾನೆ.